ಏಳುನೂರ ಎಂಟು ಲೋಟ ಕಾಫಿ

“ಒಂದು ವರ್ಷಕ್ಕೆ ಎಷ್ಟು ಲೋಟ ಕಾಫಿ ಆಗಿರಬಹುದು?”

ಕಮಲಾಕ್ಷಮ್ಮ ಇದನ್ನು ಕೇಳಿದ್ದು ಗಂಡನನ್ನಲ್ಲ, ದೇವರನ್ನೂ ಅಲ್ಲ. ಫಿಲ್ಟರಿನ ಮುಚ್ಚಳ ತೆಗೆದು, ಡಿಕಾಕ್ಷನ್ ಇಳಿದಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾ, ಮೇಲೆದ್ದ ಹಬೆಗೆ ಮುಖ ಕೊಟ್ಟುಕೊಂಡು ತಮ್ಮಷ್ಟಕ್ಕೆ ಕೇಳಿದರು. ಉತ್ತರಕ್ಕೆ ಕಾಯಲೂ ಇಲ್ಲ. ಹಾಲು ಉಕ್ಕಿ ಬರುತ್ತಿತ್ತು, ಆ ಕಡೆ ತಿರುಗಿದರು.

ನಡುಮನೆಯಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದ ವಿಶ್ವಾರಾಧ್ಯರಿಗೆ ಆ ಮಾತು ಕೇಳಿಸಿತು. ಹೋದ ಶಿವರಾತ್ರಿಯಿಂದ ಈ ಶಿವರಾತ್ರಿಗೆ ಮುನ್ನೂರ ಐವತ್ತನಾಲ್ಕು ದಿನ. ದಿನಕ್ಕೆ ಎರಡರಂತೆ ಏಳುನೂರ ಎಂಟು. ಬೇಡವೆಂದರೂ ಮನಸ್ಸು ಗುಣಿಸಿಬಿಟ್ಟಿತು. ಅಪ್ಪ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದ ವಚನಗಳನ್ನು ಪೂಜೆಯ ಹೊತ್ತಿಗೆ ಒಂದೊಂದಾಗಿ ಹೇಳಿಕೊಳ್ಳುವುದು ಅವರ ರೂಢಿ. ಐವತ್ತು ವರ್ಷದಿಂದ ತಾನೇ ತಾನಾಗಿ ನಾಲಿಗೆಗೆ ಬರುವ ಸಾಲುಗಳು. ಈಗ ಏಳೆಂಟು ತಿಂಗಳಿಂದ ನಡೆ, ನುಡಿ ಅನ್ನುವ ಮಾತು ಬಂದ ಕಡೆಯೆಲ್ಲ ನಾಲಿಗೆ ತೊಡರುತ್ತಿತ್ತು. ಇವತ್ತೂ ತೊಡರಿತು. ಬಿಲ್ವಪತ್ರೆ ಏರಿಸಿ, ಕಣ್ಣಿಗೊತ್ತಿಕೊಂಡು, ಲಿಂಗವನ್ನು ಬೆಳ್ಳಿಯ ಕರಡಿಗೆಯೊಳಗಿಟ್ಟು ಶಿವದಾರವನ್ನು ಕೊರಳಿಗೆ ಹಾಕಿಕೊಂಡರು.

ಕಾಫಿ ಬಂತು. ಶಿವರಾತ್ರಿಯ ಉಪವಾಸಕ್ಕೂ ಕಾಫಿಗೂ ಸಂಬಂಧವಿಲ್ಲ ಅನ್ನುವುದು ಆ ಮನೆಯ ಶಾಸ್ತ್ರ. ಕಮಲಾಕ್ಷಮ್ಮ ಗಂಡನ ಕೈಗೆ ಲೋಟ ಕೊಟ್ಟು, ತಾವು ಜೀರಿಗೆ ಹಾಕಿದ ಬಿಸಿನೀರು ಹಿಡಿದು ಎದುರಿಗೆ ಕೂತರು. ಒಂದು ವರ್ಷದಿಂದ ಹೀಗೇ. ಅವರಿಗೊಂದು ಕಾಫಿ, ಇವರಿಗೊಂದು ಬಿಸಿನೀರು.

“ಸಾಯಂಕಾಲ ಬರ್ತಾ ಕಾಲು ಕೆಜಿ ಪುಡಿ ತನ್ನಿ. ಹೊಸದಾಗಿ ಹುರಿಸಿ ಪುಡಿ ಮಾಡಿಸಿ. ಚಿಕೋರಿ ಬೇಡ,” ಅಂದರು.

“ಮನೇಲಿ ಇದೆಯಲ್ಲ?”

“ಅದು ನಿಮ್ಮದು. ನಾಳೆ ಕುಡಿಯೋದು ನಂದು.” ಹೇಳಿ ನಕ್ಕರು. ಐವತ್ಮೂರರ ಹೆಂಗಸು, ನಾಳೆ ಶಾಲೆಯಿಂದ ಪಿಕ್ನಿಕ್ಕಿಗೆ ಹೋಗುವ ಹುಡುಗಿಯ ಹಾಗೆ.

ಆ ನಗುವನ್ನು ನೋಡಲಾಗದೆ ವಿಶ್ವಾರಾಧ್ಯರು ಲೋಟದೊಳಗೆ ನೋಡಿದರು.

ನಡೆದದ್ದಿಷ್ಟು. ವಿಶ್ವಾರಾಧ್ಯರದು ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಕನ್ನಡಕದ ಅಂಗಡಿ. ಮೂವತ್ತು ವರ್ಷದ ಸಿಗರೇಟು ಚಟ. ಕನ್ನಡಕ ಕೂರಿಸುವ ಕೆಲಸವೆಂದರೆ ಗಿರಾಕಿಯ ಮುಖಕ್ಕೆ ಗೇಣು ದೂರದಲ್ಲಿ ಮುಖ ಇಟ್ಟು ಮಾಡುವ ಕೆಲಸ. ಹೋದ ವರ್ಷ, ಎರಡನೇ ಕ್ಲಾಸಿನ ಒಂದು ಹುಡುಗಿ, ವಚನಾ ಅಂತ ಹೆಸರು, ಅವರು ಕಿವಿಯ ಹಿಂದೆ ಕಡ್ಡಿ ಸರಿಮಾಡಲು ಬಗ್ಗಿದ ಕೂಡಲೇ ಉಸಿರು ಬಿಗಿಹಿಡಿದು, ಕೆನ್ನೆ ಉಬ್ಬಿಸಿ ಕೂತುಬಿಟ್ಟಿತು. “ಯಾಕಮ್ಮಾ?” ಅಂದರೆ, “ಅಂಕಲ್, ಬೇಗ ಮುಗಿಸಿ, ನಂಗೆ ಉಸಿರು ಬೇಕು,” ಅಂತು. ಅದನ್ನು ಮನೆಗೆ ಬಂದು ತಮಾಷೆ ಅಂತ ಹೇಳಿದರು. ಕಮಲಾಕ್ಷಮ್ಮ ನಗಲಿಲ್ಲ. ಎರಡು ದಿನ ಕಳೆದು ಶಿವರಾತ್ರಿ. ಪೂಜೆಯಲ್ಲಿ ಲಿಂಗವನ್ನು ಅಂಗೈಯಲ್ಲಿ ಹಿಡಿದಿದ್ದಾಗಲೇ ಕಣ್ಣು ತೆರೆದು ಹೇಳಿದರು: “ಬಿಡಿ ಬಿಡಿ ಅಂತ ಮೂವತ್ತು ವರ್ಷ ಹೇಳಿದೆ. ಇನ್ನು ಹೇಳಲ್ಲ. ನೀವು ಒಂದು ವರ್ಷ ಸಿಗರೇಟು ಮುಟ್ಟದೆ ಇರೋವರೆಗೆ ನಾನು ಕಾಫಿ ಮುಟ್ಟಲ್ಲ. ಲಿಂಗ ಕೈಯಲ್ಲಿದೆ, ಸುಮ್ಮನೆ ಆಡ್ತಿಲ್ಲ.”

ಕಾಫಿ ಅಂದರೆ ಪ್ರಾಣ ಬಿಡುವ ಹೆಂಗಸು. ಮೊದಲ ಹದಿನೈದು ದಿನ ತಲೆನೋವಿನಿಂದ ಹಣೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದರು. ತಂಗಿಯ ಮಗನ ಮದುವೆಯಲ್ಲಿ ಬಂಧುಗಳೆಲ್ಲ ಒತ್ತಾಯ ಮಾಡಿದಾಗ, “ಗ್ಯಾಸ್ಟ್ರಿಕ್ಕು, ಡಾಕ್ಟ್ರು ಬೇಡ ಅಂದಿದಾರೆ,” ಅಂತ ಸುಳ್ಳು ಹೇಳಿದರು. ಗಂಡನ ಚಟದ ಮಾತು ನಾಲ್ಕು ಜನರ ಬಾಯಿಗೆ ಬೀಳಬಾರದಲ್ಲ. ಕೆಳಗಿನ ಮನೆಯ ವಿಮಲಮ್ಮನಿಗೆ ಮಾತ್ರ ನಿಜ ಗೊತ್ತು. ವಿಮಲಮ್ಮನೇ ಈ ಬಸವೇಶ್ವರನಗರದ ಮನೆಯ ಓನರ್. ಬಾಡಿಗೆಗಿಂತ ಹೆಚ್ಚಾಗಿ ಸುದ್ದಿಯ ಮೇಲೆ ಕಣ್ಣಿಟ್ಟವರು.

ಈಗ ವಿಶ್ವಾರಾಧ್ಯರ ಕಾಫಿ ಇನ್ನೂ ಮುಗಿದಿರಲಿಲ್ಲ, ವಿಮಲಮ್ಮನೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ತಂಬಿಟ್ಟಿನ ಡಬ್ಬಿ.

“ತಗೊಳ್ಳಿ ಕಮಲಾಕ್ಷಮ್ಮ. ಪೂಜೆಗಿಡಿ. ಏನ್ ಸಾರ್, ನಾಳೆಗೆ ಗೆದ್ದಂಗೆ ತಾನೆ?”

ವಿಶ್ವಾರಾಧ್ಯರು, “ಏನೋ, ಅವನ ದಯೆ,” ಅಂದರು.

“ಅವನ ದಯೆ ನಮ್ಮನೆ ಕಡೆ ತಿರುಗಿ ನೋಡಲ್ವಲ್ಲ! ನಾನೂ ನಮ್ಮ ಯಜಮಾನ್ರಿಗೆ ಹೇಳ್ದೆ, ನೀವು ಬೀಡಿ ಬಿಡೋವರ್ಗೂ ನಾನು ಉಪ್ಪು ಬಿಡ್ತೀನಿ ಅಂತ. ಏನಂದ್ರು ಗೊತ್ತಾ? ಒಳ್ಳೇದಾಯ್ತು ಕಣೇ, ನಿಂಗೆ ಬಿಪಿ ಇದೆ ಅಂದ್ರು!”

ಕಮಲಾಕ್ಷಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ವಿಮಲಮ್ಮ ಹೋಗುತ್ತಾ, “ನಾಳೆ ಬೆಳಗ್ಗೆ ನಾನು ಬರ್ತೀನಿ. ಮೊದಲ ಗುಟುಕು ಕುಡಿಯೋವಾಗ ನಿಮ್ಮ ಮುಖ ನೋಡ್ಬೇಕು. ಇಂಥ ಗಂಡಸನ್ನ ಈ ರೋಡಲ್ಲಿ ನಾನು ಕಂಡಿಲ್ಲ ಬಿಡಿ,” ಅಂದರು.

ವಿಶ್ವಾರಾಧ್ಯರು ಎದ್ದು ಹೆಲ್ಮೆಟ್ ಹುಡುಕತೊಡಗಿದರು. ಹೆಲ್ಮೆಟ್ ಕಣ್ಣೆದುರಿಗೇ ಇತ್ತು.

ಆಷಾಢದ ಒಂದು ಸಾಯಂಕಾಲ ಅವರು ಸೇದಿಬಿಟ್ಟಿದ್ದರು. ಬಿಟ್ಟು ಸರಿಯಾಗಿ ನೂರ ನಲವತ್ತನೇ ದಿನ. ಯಾರೂ ಸತ್ತಿರಲಿಲ್ಲ, ಯಾರೊಂದಿಗೂ ಜಗಳವಾಗಿರಲಿಲ್ಲ. ಅಂಥದ್ದೊಂದು ಕಾರಣ ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅಂಗಡಿಯ ಬಾಗಿಲೆಳೆದು, ಮಳೆ ಹನಿಯುತ್ತಿದೆಯೆಂದು ಮೆಟ್ರೋ ಸೇತುವೆಯ ಅಡಿಯಲ್ಲಿ ಗಾಡಿ ನಿಲ್ಲಿಸಿದರು. ಎದುರಿಗೆ ಬೈರಪ್ಪನ ಬೀಡಾ ಅಂಗಡಿ. ಅಷ್ಟೇ. ಆದರೆ ಕೈ ಸಿಗರೇಟಿಗೆ ಹೋಗುವ ಮುಂಚೆ ಕೊರಳಿಗೆ ಹೋಗಿತ್ತು. ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದ್ದರು. ಮೈಮೇಲೆ ಅವನಿಲ್ಲದಾಗ ಮಾಡಿದ್ದು ಅವನಿಗೆ ತಾಗುವುದಿಲ್ಲ, ಅವಳ ಹರಕೆಗೂ ಸೇರುವುದಿಲ್ಲ ಎಂದು ಆ ಕ್ಷಣಕ್ಕೆ ಒಂದು ವಕೀಲಿಕೆ ಹೊಳೆದಿತ್ತು. ದೀಕ್ಷೆಯಾದ ಮೇಲೆ ಉಸಿರಿರುವ ತನಕ ಲಿಂಗ ಮೈಯಿಂದ ಅಗಲಬಾರದು ಎಂದು ಎಂಟನೇ ವಯಸ್ಸಿನಲ್ಲಿ ಕಲಿತ ಮನುಷ್ಯ. ಜ್ವರ ಬಂದಾಗ, ಆಪರೇಷನ್ ಆದಾಗ ತೆಗೆಯದ್ದನ್ನು ಒಂದು ಸಿಗರೇಟಿಗಾಗಿ ತೆಗೆದು, ಪಂಕ್ಚರ್ ಸಾಮಾನಿನ ಪಕ್ಕ ಇಟ್ಟಿದ್ದರು.

ಅವತ್ತು ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು ಮನೆಗೆ ಹೋದರೆ, ಕಮಲಾಕ್ಷಮ್ಮ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಸಣ್ಣ ಅಡ್ಡಗೆರೆ ಎಳೆಯುತ್ತಾ, “ನೂರ ನಲವತ್ತು ಕಣ್ರೀ,” ಅಂದಿದ್ದರು. ಅಂದೇ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡರು. ಅದಾದ ಮೇಲೆ ಮತ್ತೆ ಮುಟ್ಟಲಿಲ್ಲ, ಅದು ನಿಜ. ಆದರೆ ಕ್ಯಾಲೆಂಡರಿನ ಒಂದೊಂದು ಗೆರೆಯೂ ತಮ್ಮ ಮೈಮೇಲೆ ಎಳೆದ ಹಾಗೆ ಆಗುತ್ತಿತ್ತು.

ಹಬ್ಬದ ದಿನವಾದ್ದರಿಂದ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ನಾಲ್ಕು ಗಂಟೆಯ ಹೊತ್ತಿಗೆ ಹೇರೋಹಳ್ಳಿಯ ಕಾಂತರಾಜು ಬಂದ. ಸೈಟು ಕೊಡಿಸುವ ವ್ಯವಹಾರದವನು. ಓದುವ ಕನ್ನಡಕ ಮಾಡಿಸಲು ಕೊಟ್ಟಿದ್ದ. ಬಾಗಿಲಲ್ಲೇ ಕೊನೆಯ ದಮ್ಮು ಎಳೆದು, ತುಂಡನ್ನು ಬೂಟಿನಲ್ಲಿ ಹೊಸಕಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ವಿಶ್ವಾರಾಧ್ಯರು ಅವನ ಮುಖದ ಹತ್ತಿರ ಬಗ್ಗಿದರು. ಗೇಣು ದೂರದಿಂದ ಬೆಚ್ಚನೆಯ ಹೊಗೆಯ ವಾಸನೆ ಮುಖಕ್ಕೆ ಬಡಿಯಿತು. ಹಸಿದ ಹೊಟ್ಟೆ. ನಾಲಿಗೆಯ ಕೆಳಗೆ ನೀರೂರಿತು. ಆ ಹುಡುಗಿ ಮಾಡಿದಂತೆ ಉಸಿರು ಬಿಗಿಹಿಡಿಯಲು ನೋಡಿದರು, ಆಗಲಿಲ್ಲ. ಉಸಿರು ತಾನೇ ಒಳಗೆ ಎಳೆದುಕೊಂಡಿತು, ಆಳವಾಗಿ.

“ನೀವು ಬಿಟ್ರಂತಲ್ಲ ಸಾರ್? ಬೈರಪ್ಪ ಹೇಳ್ದ,” ಅಂದ ಕಾಂತರಾಜು.

“ಹೂಂ. ತಲೆ ಅಲ್ಲಾಡಿಸಬೇಡಿ.”

“ನಂಗಾಗಲ್ಲ ಸಾರ್. ನಮ್ಮ ಏರಿಯಾ ರೋಡು ನೋಡಿದೀರಲ್ಲ? ದಿನಾ ಅರ್ಧ ಕೆಜಿ ಧೂಳು ಒಳಗ್ ಹೋಗುತ್ತೆ. ಆ ಧೂಳು ಕೂತ್ಕೋಬಾರ್ದು ಅಂದ್ರೆ ಮೇಲಿಂದ ಹೊಗೆ ಬಿಡ್ತಾ ಇರ್ಬೇಕು. ಔಷಧಿ ಇದ್ದಂಗೆ.”

ಬೇರೆ ದಿನವಾಗಿದ್ದರೆ ವಿಶ್ವಾರಾಧ್ಯರು ನಗುತ್ತಿದ್ದರು. ಅವರು ಮೂಗಿನ ಪ್ಯಾಡನ್ನು ಎರಡು ಸಲ ಬಗ್ಗಿಸಿ, ಎರಡು ಸಲ ನೆಟ್ಟಗೆ ಮಾಡಿದರು. ಕೆಲಸ ಆಗಲೇ ಮುಗಿದಿತ್ತು. ಆ ಗೇಣಿನ ಅಂತರದಿಂದ ಸರಿಯಲು ಮನಸ್ಸಿರಲಿಲ್ಲ, ಅಷ್ಟೇ. ಅದು ಅರಿವಾದ ಕೂಡಲೇ ಕನ್ನಡಕವನ್ನು ಅವನ ಕೈಗಿಟ್ಟು ಒಳಗೆ ಹೋಗಿ ಮುಖ ತೊಳೆದುಕೊಂಡರು.

ಐದೂವರೆಗೆ ಬಾಗಿಲೆಳೆದು ಕಾಫಿಪುಡಿ ಅಂಗಡಿಗೆ ಹೋದರು. ಹುರಿದ ಬೀಜ ಯಂತ್ರದೊಳಗೆ ಸುರಿದು, ಪುಡಿಯಾಗಿ ಇಳಿಯುವವರೆಗೆ ನಿಂತರು. ಕಾಗದದ ಪೊಟ್ಟಣ ಕೈಗೆ ಬಿಸಿಬಿಸಿಯಾಗಿ ಬಂತು. ಅದನ್ನು ಡಿಕ್ಕಿಯಲ್ಲಿಡಲು ಹೋದವರು ಯಾಕೋ ಇಡಲಾರದೆ, ಜುಬ್ಬಾದ ಎದೆಜೇಬಿನಲ್ಲಿಟ್ಟುಕೊಂಡರು. ಕಾಫಿಯ ಘಮ ಮೂಗಿಗೇ ಹತ್ತಿತು. ಮೂವತ್ತು ವರ್ಷ ಕಾಫಿಯ ಹಿಂದೆ ಸಿಗರೇಟು, ಸಿಗರೇಟಿನ ಹಿಂದೆ ಕಾಫಿ. ಒಂದು ಬಂದರೆ ಇನ್ನೊಂದು ಎಲ್ಲಿ ಎಂದು ಮೈ ಕೇಳುತ್ತಿತ್ತು.

ಗಾಡಿ ಸೇತುವೆಯಡಿಗೆ ತಾನೇ ದಾರಿ ಹಿಡಿದಂತೆ ಬಂದು ನಿಂತಿತು. ತಲೆಯ ಮೇಲೆ ಮೆಟ್ರೋ ದಡದಡನೆ ಹಾದುಹೋಯಿತು.

ಹಣೆಗೆ ವಿಭೂತಿ ಹಚ್ಚಿದ್ದ ಬೈರಪ್ಪ ಎಲೆಗೆ ಸುಣ್ಣ ಸವರುತ್ತಾ ತಲೆಯೆತ್ತಿ ನೋಡಿದ. “ಬನ್ನಿ ಸಾರ್. ಹಳೇದೇನಾ?”

ಅಷ್ಟು ದಿನದ ಮೇಲೂ ಅವನಿಗೆ ಬ್ರ್ಯಾಂಡು ನೆನಪಿತ್ತು. ವಿಶ್ವಾರಾಧ್ಯರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವನು ಒಂದನ್ನು ತೆಗೆದು ಗಾಜಿನ ಡಬ್ಬಿಯ ಮೇಲಿಟ್ಟ. ಅಂಗಡಿಯ ಕಂಬಕ್ಕೆ ದಾರ ಕಟ್ಟಿ ಇಳಿಬಿಟ್ಟಿದ್ದ ಲೈಟರು ಗಾಳಿಗೆ ಅತ್ತಿತ್ತ ತೂಗುತ್ತಿತ್ತು.

ಅವರು ಸಿಗರೇಟನ್ನು ತೆಗೆದುಕೊಂಡರು. ಎಷ್ಟು ಹಗುರ! ಹರಕೆ ಆಷಾಢದಲ್ಲೇ ಮುರಿದಿದೆ, ಇನ್ನು ಇದೊಂದರಿಂದ ಏನು ಹೆಚ್ಚು ಮುರಿಯುತ್ತೆ, ಅಂತ ಒಳಗಿನ ವಕೀಲ ಎದ್ದು ನಿಂತ. ಒಂದಾದರೂ ಕಳ್ಳನೇ, ಎರಡಾದರೂ ಕಳ್ಳನೇ. ಹೇಗೂ ನಾಳೆ ಅವಳು ಕುಡಿಯುತ್ತಾಳೆ. ಆಮೇಲೆ ಎಲ್ಲ ಮುಗಿಯುತ್ತೆ. ಯಾರು ನೋಡ್ತಾರೆ?

ಎಡಗೈ ಕೊರಳಿಗೆ ಹೋಯಿತು. ಶಿವದಾರ ಬೆರಳಿಗೆ ಸಿಕ್ಕಿತು. ಎಳೆದರು. ಕರಡಿಗೆ ಜುಬ್ಬಾದೊಳಗೆ ಮೇಲೆ ಸರಿದು ಬಂದು, ಜೇಬಿನಲ್ಲಿದ್ದ ಕಾಫಿ ಪೊಟ್ಟಣದ ಹಿಂದೆ ಸಿಕ್ಕಿಕೊಂಡು ನಿಂತಿತು. ಬಟ್ಟೆಯ ಮೇಲೆ ಅಂಗೈ ಒತ್ತಿ ಬಿಡಿಸಲು ಹೋದರು. ಅಂಗೈಗೆ ಪುಡಿಯ ಬಿಸಿ, ಅದರ ಹಿಂದೆ ಬೆಳ್ಳಿಯ ಬಿಸಿ. ಯಾವುದು ಯಾವುದರ ಬಿಸಿ ಎಂದು ತಿಳಿಯಲಿಲ್ಲ. ಅವಳು ಬೆಳಗ್ಗೆ ಹಬೆಗೆ ಮುಖ ಕೊಟ್ಟು ನಿಂತಿದ್ದು ನೆನಪಾಯಿತು. ಇಡೀ ವರ್ಷ ಅವಳು ಕಾಫಿಪುಡಿಯ ಡಬ್ಬಿಯೆದುರಿಗೇ ನಿಂತು, ಗಂಡನಿಗಾಗಿ ದಿನಕ್ಕೆರಡು ಸಲ ಕಾಫಿ ಬೆರೆಸಿ, ಬೆರಳಿಗಂಟಿದ್ದನ್ನೂ ನೆಕ್ಕದೆ ತೊಳೆದುಕೊಂಡಿದ್ದಾಳೆ. ಯಾರು ನೋಡುತ್ತಿದ್ದರು ಅವಳನ್ನು?

ದಾರವನ್ನು ಬಿಟ್ಟುಬಿಟ್ಟರು. ಕರಡಿಗೆ ತನ್ನ ಜಾಗಕ್ಕೆ ಇಳಿಯಿತು.

“ತಗೋ ಬೈರಪ್ಪ. ಬೇಡ.”

“ಕೊಟ್ಟಿದ್ದನ್ನ ವಾಪಸ್ ಇಟ್ಕೊಳ್ಳೋದು ಹೆಂಗೆ ಸಾರ್? ಕೈ ಬೆವರು ಅಂಟಿದೆ ನೋಡಿ,” ಅಂತ ನಕ್ಕ ಅವನು.

ವಿಶ್ವಾರಾಧ್ಯರು ಕಾಸು ಇಟ್ಟು, ಸಿಗರೇಟನ್ನು ಎರಡು ತುಂಡು ಮಾಡಿ, ಅದೂ ಸಾಲದೆಂಬಂತೆ ನಾಲ್ಕು ಮಾಡಿ ಮೋರಿಗೆ ಹಾಕಿದರು. ಗೆದ್ದೆ ಅನ್ನಿಸಲಿಲ್ಲ. ಇಷ್ಟು ಸುಲಭವಾಗಿ ಬಿಡಬಹುದಾಗಿದ್ದನ್ನು ಅವತ್ತು ಯಾಕೆ ಬಿಡಲಿಲ್ಲ ಅನ್ನಿಸಿತು.

ಮನೆಯಲ್ಲಿ ಹೇಳುವ ಅವಕಾಶವೇ ಆಗಲಿಲ್ಲ. ಅಥವಾ ಆಗಗೊಡಲಿಲ್ಲ. ಕಮಲಾಕ್ಷಮ್ಮ ಪೊಟ್ಟಣಕ್ಕೆ ಮೂಗಿಟ್ಟು ಕಣ್ಣುಮುಚ್ಚಿ, “ಇನ್ನೂ ಬಿಸಿ ಇದೆ ಕಣ್ರೀ!” ಅಂದರು. ಆಮೇಲೆ ಪೂಜೆ, ಮಠ, ಭಜನೆ, ಜಾಗರಣೆ. ಹೆಂಗಸರ ಸಾಲಿನಲ್ಲಿ ಕೂತ ಹೆಂಡತಿಯ ಮುಖ ಕಾಣುತ್ತಲೇ ಇತ್ತು. ಅದರ ಮೇಲೆ ಆಯಾಸವೇ ಇರಲಿಲ್ಲ.

ಬೆಳಗಾಯಿತು. ಸ್ನಾನ, ಪೂಜೆ ಮುಗಿಸಿ ಕಮಲಾಕ್ಷಮ್ಮ ಎರಡು ಲೋಟ ಇಟ್ಟರು. ವರ್ಷದ ಮೇಲೆ ಮೊದಲ ಸಲ ಎರಡು ಲೋಟ. ಹಿತ್ತಾಳೆಯ ಲೋಟವೊಂದನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಳೆಯುವಂತೆ ಮಾಡಿಟ್ಟಿದ್ದರು. ಅದು ಅವರದು. ಎತ್ತಿ ಎತ್ತಿ ಹೊಯ್ದು ನೊರೆ ಬರಿಸಿದರು. ಕೂತರು. ಕಣ್ಣಿಗೊತ್ತಿಕೊಳ್ಳುವ ಹಾಗೆ ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಒಂದು ಗುಟುಕು, ಅಷ್ಟೇ.

“ಕಮಲಾ, ತಡಿ.”

“ಏನ್ರೀ? ಸಕ್ಕರೆ ಸಾಲದಾ?”

“ನಾನು ಸೇದಿದೀನಿ.”

ಲೋಟ ತುಟಿಯ ಹತ್ತಿರವೇ ನಿಂತಿತು. “ಯಾವಾಗ?”

“ಆಷಾಢದಲ್ಲಿ. ಒಂದೇ ಒಂದು. ನೂರ ನಲವತ್ತು ಅಂತ ನೀನು ಗೆರೆ ಎಳೆದೆಯಲ್ಲ, ಅವತ್ತು.”

ಕಮಲಾಕ್ಷಮ್ಮ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಅದು ಹೊಸ ವರ್ಷದ್ದು, ಅಲ್ಲಿ ಆಷಾಢ ಇನ್ನೂ ಬಂದಿರಲಿಲ್ಲ.

“ಮೈಮೇಲೆ ಲಿಂಗ ಇಟ್ಕೊಂಡೇ ಸೇದಿದ್ರಾ?”

“ಇಲ್ಲ, ತೆಗೆದಿಟ್ಟಿದ್ದೆ.” ತಪ್ಪು ಕಡಿಮೆಯಾಗುತ್ತದೆ ಅನ್ನುವ ಹಾಗೆ ಆತುರದಿಂದ ಅಂದರು.

“ಎಲ್ಲಿ?”

“...ಗಾಡಿ ಡಿಕ್ಕೀಲಿ. ಬಟ್ಟೇಲಿ ಸುತ್ತಿ. ಹೊಗೆ ಅವನಿಗೆ ತಾಗಬಾರದು ಅಂತ...”

ಕಮಲಾಕ್ಷಮ್ಮನ ಕೈ ತಮ್ಮ ಕೊರಳಿನ ದಾರವನ್ನು ಹಿಡಿದುಕೊಂಡಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ಬಿಡಬೇಕಾಗಿದ್ದು ಸಿಗರೇಟನ್ನ,” ಅಂದರು ಕೊನೆಗೆ. “ನೀವು ಬಿಟ್ಟಿದ್ದು ಅವನನ್ನ. ಸಿಗರೇಟು ಸೇದಿದೆ ಅಂದ್ರೆ ನಂಗೆ ಕೋಪ ಬರ್ತಿತ್ತು, ಅಷ್ಟೇ. ಇದಕ್ಕೆ ಏನು ಬರಬೇಕೋ ಗೊತ್ತಾಗ್ತಿಲ್ಲ.”

ವಿಶ್ವಾರಾಧ್ಯರು ತಲೆ ತಗ್ಗಿಸಿ ಕೂತರು. ಹೇಳಿದರೆ ಎದೆಯ ಭಾರ ಇಳಿಯುತ್ತದೆ ಅಂದುಕೊಂಡಿದ್ದರು. ಅದು ಇಳಿಯಲಿಲ್ಲ. ಎದುರಿಗಿದ್ದವಳ ಮೇಲೂ ಅಷ್ಟು ಭಾರ ಇಟ್ಟ ಹಾಗಾಯಿತು.

“ಆಮೇಲೆ?” ಅಂದರು ಕಮಲಾಕ್ಷಮ್ಮ.

“ಆಮೇಲೆ ಇಲ್ಲ. ನಿನ್ನೆ ಬೈರಪ್ಪನ ಹತ್ರ ನಿಂತಿದ್ದೆ. ಕೈಗೂ ತಗೊಂಡೆ. ದಾರಾನೂ ಎಳೆದೆ. ಆಗಲಿಲ್ಲ. ಮುರಿದು ಹಾಕಿ ಬಂದೆ.”

“ನಿಜಾನಾ?”

“ನಿಜ.”

ಅವರು ಗಂಡನ ಮುಖವನ್ನು ದಿಟ್ಟಿಸಿ ನೋಡಿದರು. ಕಣ್ಣಲ್ಲಿ ಕಣ್ಣಿಟ್ಟು, ತಪ್ಪು ನಂಬರಿನ ಕನ್ನಡಕ ಹಾಕಿಕೊಂಡವರ ಹಾಗೆ ಹುಬ್ಬುಗಂಟಿಕ್ಕಿ, ಎಲ್ಲಿ ಸರಿಯಾಗಿ ಕಾಣುತ್ತದೆ ಎಂದು ಹುಡುಕುವಂತೆ. ಆಮೇಲೆ ಬೆರಳು ಮಡಚುತ್ತಾ ತಮ್ಮಷ್ಟಕ್ಕೆ ಏನೋ ಕೂಡಿ ಕಳೆದರು.

“ಹಾಗಾದ್ರೆ ವರ್ಷದ ಲೆಕ್ಕ ಅವತ್ತಿಂದ ಹಿಡೀಬೇಕು. ಇನ್ನು ನೂರ ನಲವತ್ತು ದಿನ ಆಗಬೇಕು.”

“ಕಮಲಾ, ಬೇಡ. ತಪ್ಪು ನಂದು. ಆ ನೂರ ನಲವತ್ತು ನನ್ನ ಮೇಲಿರಲಿ. ನಾನು ಕಾಫಿ ಬಿಡ್ತೀನಿ, ಅನ್ನ ಬಿಡ್ತೀನಿ. ನೀನು ಒಂದು ದಿನಾನೂ ತಪ್ಪಿಲ್ಲ. ನಿಂದು ಪೂರ್ತಿಯಾಗಿದೆ.”

“ನಿಮ್ಮದು ಬೇರೆ ನಂದು ಬೇರೆ ಅಂತ ಹೊತ್ತ ಹರಕೆ ಅಲ್ಲ ಅದು.”

ಕೆಳಗಿನಿಂದ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ವಿಮಲಮ್ಮನ ದನಿ ಅವರಿಗಿಂತ ಮೊದಲೇ ಮೇಲೆ ಬಂತು. “ಕಮಲಾಕ್ಷಮ್ಮಾ, ಕುಡ್ದುಬಿಟ್ರಾ? ನಾನ್ ಬರೋವರ್ಗೂ ಇರಿ ಅಂದಿರಲಿಲ್ವಾ!”

ವಿಶ್ವಾರಾಧ್ಯರು ಲೋಟವನ್ನು ಹೆಂಡತಿಯ ಕಡೆ ಸರಿಸಿದರು. ನೊರೆ ಇಳಿದು ಅಂಚಿಗೆ ಕಂದು ಗೆರೆ ಕಟ್ಟಿತ್ತು. ಹಬೆ ಇನ್ನೂ ಇತ್ತು, ಸ್ವಲ್ಪ.

“ಇದೊಂದು ಲೋಟ ಕುಡಿ,” ಅಂತ ಪಿಸುಗುಟ್ಟಿದರು. ಕೈ ಮುಗಿಯುವುದೊಂದು ಬಾಕಿ. “ನಾಳೆಯಿಂದ ಬೇಕಾದ್ರೆ ಬಿಡು. ಎಷ್ಟು ಆಸೆಯಿಂದ ಮಾಡ್ಕೊಂಡಿದೀಯ. ನಿನ್ನ ಕಾಲು ಹಿಡ್ಕೋತೀನಿ ಕಮಲಾ, ಇದೊಂದು ಕುಡಿ. ನನಗೋಸ್ಕರ.”

ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ವಿಮಲಮ್ಮನಿಗೆ ಬಾಗಿಲು ತೆಗೆಯಲು ಎದ್ದರು.

“ಕುಡಿಯಲ್ಲ,” ಅಂದರು.